ಕತ್ತರಿ ಬೀಳದ ಜೋಡಿ ಪಂಚೆ

ಅಮಲ್ದಾರರ ಕಚೇರಿಯ ಜವಾನ ಮೊಳಕಾಲ್ಮೂರಿನ ನಮ್ಮ ಬೀದಿಗೆ ಬಂದು, ಚಳ್ಳಕೆರೆಯ ಬಂಗಲೆಯಲ್ಲಿ ದೊಡ್ಡ ಸಾಹೇಬರ ದರ್ಬಾರು ನಡೆಯುತ್ತದೆ, ನೇಕಾರರು ತಮ್ಮ ಮಗ್ಗದ ಬಟ್ಟೆಯನ್ನೇ ಉಟ್ಟು ಬರಬೇಕು, ಸಾಹೇಬರು ಮೆಚ್ಚಿದ ಬಟ್ಟೆ ಮೈಸೂರಿಗೆ ಹೋಗುತ್ತದೆ ಎಂದು ಸಾರಿಹೋದ. ಅವನು ಬೀದಿ ದಾಟುವ ಮೊದಲೇ ನಾನು ಜಗಲಿಯ ಮೇಲೆ ನಿಂತು, ಹೋಗುವುದು ನನ್ನ ಬಟ್ಟೆಯೇ ಎಂದುಬಿಟ್ಟಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದವನು ನಾನು. ನನ್ನ ಕೈಯ ಮೇಲೆ ನನಗೆ ನಂಬಿಕೆ ಇತ್ತು, ಇವತ್ತಿಗೂ ಇದೆ.

ಎದುರುಮನೆಯ ನೇಕಾರ ನಕ್ಕ. “ಹೋಗಿ ಬಾರಲೇ. ಬರಿಗೈಲಿ ಬಂದ್ರೆ ಯಾವ ಮುಖ ಇಟ್ಕಂಡು ಈ ಬೀದೀಲಿ ತಿರುಗ್ತೀಯೋ ನೋಡ್ತೀನಿ.”

ತೋರಿಸಲು ಒಂದು ರೇಷ್ಮೆ ಸೀರೆ ಸಿದ್ಧವಿತ್ತು. ಉಡಲು ಕೆಂಪು ರೇಷ್ಮೆ ಅಂಚಿನ ಜೋಡಿ ಪಂಚೆ ನೇಯ್ದೆ. ಒಂದು ನನಗೆ, ಒಂದು ಮಾವನಿಗೆ. ಮಾವ ಎಂದರೆ ನನ್ನ ಹೆಂಡತಿಯ ತಂದೆ, ರಾಯದುರ್ಗದ ಕಡೆಯವರು. ನನ್ನ ರೇಷ್ಮೆಗೆಲ್ಲ ಅವರದೇ ಬಣ್ಣ. ಅರಗಿನ ಕೆಂಪನ್ನು ಅವರ ಹಾಗೆ ಯಾರೂ ತೆಗೆಯುತ್ತಿರಲಿಲ್ಲ. ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು.

ಹೊರಡುವ ದಿನ ಬೆಳಕು ಹರಿಯುವಾಗ ಜೋಡಿ ಮಗ್ಗದಿಂದ ಇಳಿಯಿತು. ಗಾಡಿ ಬಾಗಿಲಲ್ಲೇ ನಿಂತಿತ್ತು, ಮಾವ ಆಗಲೇ ಹತ್ತಿ ಕೂತಿದ್ದರು. ಬಟ್ಟೆಯನ್ನು ಮಡಿಸಿ ಗಂಟು ಕಟ್ಟಿ ಗಾಡಿಗೆ ಹಾರಿದೆ. ಅವ್ವ ಒಳಗಿನಿಂದ ಏನೋ ಕೂಗುತ್ತಿದ್ದಳು. ಹೋಗುವಾಗ ತಾಯಂದಿರು ಕೂಗುವುದು ಇದ್ದದ್ದೇ ಎಂದುಕೊಂಡು ಕೈ ಬೀಸಿದೆ.

ಕೊಂಡ್ಲಹಳ್ಳಿ ದಾಟಿ, ತಳಕಿನಲ್ಲಿ ತಂಗಿ, ಮರುದಿನ ಚಳ್ಳಕೆರೆಯ ಹತ್ತಿರ ಬಂದಾಗ ಹಳ್ಳದ ಕೆಸರಲ್ಲಿ ಗಾಡಿ ಹೂತುಕೊಂಡಿತು. ಇಬ್ಬರೂ ಇಳಿದು ಚಕ್ರಕ್ಕೆ ಹೆಗಲು ಕೊಟ್ಟೆವು. ಬಂಗಲೆ ಸೇರುವಷ್ಟರಲ್ಲಿ ಉಟ್ಟಿದ್ದ ಹಳೆಯ ಪಂಚೆಗಳು ಎಮ್ಮೆಯ ಬಣ್ಣಕ್ಕೆ ತಿರುಗಿದ್ದವು. ಅವನ್ನು ಬಾವಿಯ ಹತ್ತಿರ ಒಗೆದು ಬೇಲಿಗೆ ಹರವಿ, ಹುಣಸೆಮರದ ಹಿಂದೆ ಕೋಟು ತೊಟ್ಟು, ರುಮಾಲು ಸುತ್ತಿ, ಸೊಂಟಕ್ಕೆ ಒದ್ದೆ ಟವೆಲು ಬಿಗಿದು ಗಂಟು ಬಿಚ್ಚಿದೆವು.

ಮಾವ ಒಂದು ತುದಿ ಹಿಡಿದು ಎಳೆದರು. ನಾನು ಇನ್ನೊಂದು ತುದಿ ಹಿಡಿದಿದ್ದೆ. ಬಟ್ಟೆ ಬಿಚ್ಚಿಕೊಳ್ಳುತ್ತ ಹೋಯಿತು, ಎರಡಾಗಲಿಲ್ಲ.

ಗಾಬರಿಯಾದರೆ ಮಾವನಿಗೆ ತೆಲುಗೇ ಬರುತ್ತಿತ್ತು. ಇದೇನು ಅಳಿಯಾ ಎಂದು ಅದರಲ್ಲೇ ಕೇಳಿದರು: “ಏಮಿ ಅಲ್ಲುಡೂ ಇದಿ?”

ಜೋಡಿಯನ್ನು ಒಂದೇ ಹಾಸಿನಲ್ಲಿ ನೇಯುತ್ತೇವೆ. ನಡುವೆ ಮೂರು ಬೆರಳಗಲ ನೇಯದೆ ಬರೀ ಎಳೆ ಬಿಟ್ಟಿರುತ್ತೇವೆ. ಆ ಎಳೆಗಳ ಮೇಲೆ ಕತ್ತರಿ ಆಡಿಸುವವಳು ಮನೆಯ ಹಿರಿಯಳು, ಅದೂ ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿ. ಅವ್ವ ಕೂಗಿದ್ದು ಅದಕ್ಕೇ ಎಂದು ಆಗ ಹೊಳೆಯಿತು.

ಗಾಡಿಯವನ ಚಾಕುವಿಗೆ ಕೈ ಹಾಕಿದೆ. ಮಾವ ಮಣಿಕಟ್ಟು ಹಿಡಿದರು.

“ಅವ್ವನ ಕೈ ಬೀಳದೆ ನೀನು ಕುಯ್ತೀಯಾ? ಮಗ್ಗ ಮುನಿಸ್ಕಂತೈತೆ.”

“ಮತ್ತೇನು ಮಾಡಾನ್ರಿ ಮಾವ? ಟವೆಲಲ್ಲಿ ಹೋಗಾನಾ?”

“ಆ ತುದಿ ನೀ ಉಡು, ಈ ತುದಿ ನಾ ಉಡ್ತೀನಿ.”

ಕಚ್ಚೆ ಹಾಕಲು ಬರುವಂತಿರಲಿಲ್ಲ, ಸುತ್ತಿಯೇ ಉಡಬೇಕು. ಮಾವ ಒಂದು ಸುತ್ತು ಸುತ್ತಿಕೊಂಡರೆ ನನ್ನದು ಒಂದು ಸುತ್ತು ಬಿಚ್ಚುತ್ತಿತ್ತು. ನಾನು ಎಳೆದುಕೊಂಡರೆ ಅವರು ಟವೆಲಿಗೆ ಬರುತ್ತಿದ್ದರು. “ನಿಲ್ಲೋ, ನನ್ನ ಬೆತ್ತಲೆ ಮಾಡ್ತೀಯಲ್ಲೋ,” ಎಂದು ಮಾವ ಪಿಸುಗುಟ್ಟಿದರು. ಕಡೆಗೆ ಎದುರುಬದುರು ನಿಂತು, ಕೋಲಾಟದವರ ಹಾಗೆ ಒಟ್ಟಿಗೇ ತಿರುಗಿ ಉಟ್ಟೆವು. ನಡುವೆ ಒಂದು ಮೊಳ ಬಟ್ಟೆ ಜೋಲಾಡುತ್ತಿತ್ತು.

“ಮೊಳಕಾಲ್ಮೂರಿನೋರು ಬರ್ರಿ,” ಎಂದು ಜವಾನ ಕೂಗಿದ.

ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ಮೆಟ್ಟಿಲು ಹತ್ತಿದೆವು. ಅಮಲ್ದಾರರ ಮುಖ ಬಿಳಿಚಿತು. ಸಾಹೇಬರು ಬೆಳಗಿನಿಂದ ಸೀರೆ ನೋಡಿ ನೋಡಿ ದಣಿದಿದ್ದರು. ನನ್ನದನ್ನೂ ಮುಟ್ಟಿ ಪಕ್ಕಕ್ಕಿಟ್ಟರು. ಮುಗಿಯಿತು ಎಂದುಕೊಂಡೆ; ಎದುರುಮನೆಯವನ ನಗು ಅಲ್ಲೇ ಕೇಳಿಸಿತು. ಕೈ ಮುಗಿಯಲು ನಾನು ಬಗ್ಗಿದೆ. ಮಾವ ಬಗ್ಗಿರಲಿಲ್ಲ. ಪಂಚೆ ಸೆಳೆದು ಅವರು ನನ್ನ ಮೇಲೇ ಬಂದು ಬಿದ್ದರು.

“ಇದೇನು, ಇಬ್ಬರನ್ನೂ ಕಟ್ಟಿಹಾಕಿದವರು ಯಾರು?” ಎಂದರು ಸಾಹೇಬರು.

“ನಮ್ಮವ್ವ, ಬುದ್ಧಿ,” ಎಂದೆ. ಕತ್ತರಿಯ ಪದ್ಧತಿಯನ್ನೆಲ್ಲ ಹೇಳಿದೆ. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎದ್ದು ಬಂದು, ಜೋಲಾಡುತ್ತಿದ್ದ ಅಂಚನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು.

“ಇದೇ ಹೋಗಲಿ ಮೈಸೂರಿಗೆ. ಹೀಗೇ, ಕತ್ತರಿಸದೆ.”

“ಉಟ್ಟಿದ್ದಲ್ವಾ ಬುದ್ಧಿ...” ಎಂದೆ.

“ಒಗೆಸಿಕೊಳ್ಳುತ್ತೇವೆ. ಯಾಕೆ, ಈ ಕೆಂಪು ನೀರಲ್ಲಿ ಬಿಡುತ್ತದೋ?”

ಮಾವ ಸೆಟೆದು ನಿಂತರು. “ನನ್ನ ಕೈ ಬಣ್ಣ ಬಿಡೋದಾ ಬುದ್ಧಿ? ಈಗ್ಲೇ ತಗಳ್ರಿ, ಒಗೆಸ್ರಿ,” ಎಂದವರೇ ಅಲ್ಲೇ ಸುತ್ತು ಬಿಚ್ಚತೊಡಗಿದರು. ಜವಾನ ಓಡಿಹೋಗಿ ನಮ್ಮ ಗಾಡಿಯಿಂದ ಎರಡು ಕಂಬಳಿ ತಂದ.

ಮರುದಿನ ಊರು ಮುಟ್ಟುವ ಹೊತ್ತಿಗೆ ಹಳೆಯ ಪಂಚೆಗಳು ಒಣಗಿದ್ದವು. ನಾನು ಉಡಲಿಲ್ಲ, ಮಾವನಿಗೂ ಉಡಗೊಡಲಿಲ್ಲ. ಮೇಲೆ ಕೋಟು ರುಮಾಲು, ಕೆಳಗೆ ಕರಿಕಂಬಳಿ. ಗಾಡಿಯಿಂದಿಳಿದು ಬೀದಿಯ ನಟ್ಟನಡುವೆ ನಡೆದೆ.

“ಬರಿಗೈಲಿ ಬರ್ತೀಯ ಅಂದ್ರೆ ಬರೀ ಮೈಲೇ ಬಂದ್ಯಲ್ಲೋ,” ಎಂದ ಎದುರುಮನೆಯವನು. “ಪಂಚೆ ಎಲ್ಲಿ?”

ಅವನು ಕೇಳಲೆಂದೇ ನಾನು ಹಾಗೆ ಬಂದಿದ್ದೆ.

“ಮೈಸೂರಿಗೆ ಹೋಗೈತೆ,” ಎಂದೆ.

ಅವ್ವ ಕತ್ತರಿ ಹಿಡಿದೇ ಬಾಗಿಲಿಗೆ ಬಂದಳು. ಹಚ್ಚಿದ್ದ ಕುಂಕುಮ ಒಣಗಿತ್ತು. ನಡೆದದ್ದನ್ನೆಲ್ಲ ಕೇಳಿ, ಕಂಬಳಿಯನ್ನು ಮೇಲಿಂದ ಕೆಳಕ್ಕೆ ನೋಡಿ ಅಂದಳು:

“ಅಲ್ಲಲೇ, ಅಲ್ಲಿ ಯಾವಾಗಾದ್ರೂ ಕತ್ತರಿ ಹಾಕಬೇಕಾದ್ರೆ ನನಗೆ ಹೇಳಿ ಕಳಿಸ್ತಾರಾ?”