ಸೊಂಟದಲ್ಲಿ ಚೂರಿ ಇಟ್ಟುಕೊಂಡ ಬೇಸಿಗೆ

ಆ ವರ್ಷ ಶಿವರಾತ್ರಿ ಕಳೆದ ಎರಡು ವಾರಕ್ಕೆ ಪಕ್ಕದ ಮನೆಯವನು ಜಾಮೀನಿನ ಮೇಲೆ ಊರಿಗೆ ಬಂದ. ಮಾತು ಕಲಿತಾಗಿನಿಂದ ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವನ ಹೆಂಡತಿ ನನಗೆ ಅತ್ತಿಗೆ. ಆ ಅತ್ತಿಗೆಯನ್ನು ಸುಟ್ಟು ಕೊಂದ ಆರೋಪ ಅವನ ಮೇಲಿತ್ತು. ಕಣ್ಣಾರೆ ಕಂಡೆ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದವಳು ನಾನೊಬ್ಬಳೇ.

ನಮ್ಮೂರು ಹಂಪಾಪುರದಿಂದ ಎರಡು ಮೈಲಿ ಒಳಗಿದೆ. ನನಗಾಗ ಇಪ್ಪತ್ತೆರಡು ವರ್ಷ. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವ ಹೊಲ ನೋಡಿಕೊಳ್ಳುತ್ತಿದ್ದಳು. ನಾನು ಹಂಪಾಪುರದವರೆಗೆ ನಡೆದು, ಬಸ್ಸು ಹತ್ತಿ ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಗೆ ಹೋಗಿ ಲೇಡೀಸ್ ಟೈಲರ್ ಅಂಗಡಿಯೊಂದರಲ್ಲಿ ರವಿಕೆ, ಲಂಗ ಹೊಲಿಯುತ್ತಿದ್ದೆ.

ಅತ್ತಿಗೆ ಸತ್ತದ್ದು ಚಳಿಗಾಲದಲ್ಲಿ. ಅವತ್ತು ನನಗೆ ಜ್ವರ, ಕೆಲಸಕ್ಕೆ ಹೋಗಿರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯಿಂದ ಕಿರುಚಾಟ ಕೇಳಿ ಹಿತ್ತಿಲಿಗೆ ಓಡಿದೆ. ಅವರ ಹಿಂಬಾಗಿಲ ಚಿಲಕ ಹೊರಗಿನಿಂದ ಹಾಕಿತ್ತು. ಅಣ್ಣ ಅದರ ಮೇಲೆ ಕೈಯಿಟ್ಟು ನಿಂತಿದ್ದ. ಒಳಗಿನಿಂದ ಬಾಗಿಲನ್ನು ಬಡಿಯುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ನಾನು ಕೂಗಿಕೊಂಡ ಮೇಲೆ ಅವನು ತಿರುಗಿ ನೋಡಿದ, ಚಿಲಕ ತೆಗೆದ. ಜನ ಸೇರುವಷ್ಟರಲ್ಲಿ ಸ್ಟವ್ ಸಿಡಿಯಿತು ಎಂದು ಎದೆ ಬಡಿದುಕೊಂಡು ಅಳುತ್ತಿದ್ದ. ಅತ್ತಿಗೆ ಎರಡು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಳು. ಅವಳಿಗೆ ನಾಲ್ಕು ವರ್ಷದ ಒಬ್ಬಳೇ ಮಗಳು.

ಜಾಮೀನಿನ ಮೇಲೆ ಬಂದವನು ಮೊದಲ ವಾರ ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ಹಂಪಾಪುರದ ದಾರಿಯ ಮೋರಿಯ ಮೇಲೆ ಕೂರಲು ಶುರುಮಾಡಿದ. ನಾನು ಬೆಳಿಗ್ಗೆ ಹೋಗುವಾಗಲೂ ಇರುತ್ತಿದ್ದ, ಸಂಜೆ ಬರುವಾಗಲೂ ಇರುತ್ತಿದ್ದ. ಬೇಸಿಗೆಯಾದ್ದರಿಂದ ಎರಡೂ ಕಡೆ ಉತ್ತು ಬಿಟ್ಟ ಖಾಲಿ ಹೊಲ, ಕೂಗಿದರೂ ಕೇಳುವವರಿಲ್ಲ. ಒಂದು ದಿನ ನಾನು ತಲೆ ತಗ್ಗಿಸಿ ಹೋಗುತ್ತಿದ್ದಾಗ ತಣ್ಣಗೆ ಮಾತಾಡಿದ.

"ಅವತ್ತು ನಿಂಗೆ ಜ್ವರ ಇತ್ತಂತಲ್ಲವ್ವ. ಜ್ವರ ಬಂದಾಗ ಕಣ್ಣಿಗೆ ಏನೇನೋ ಕಾಣ್ತದೆ. ಹುಷಾರಾಗಿ ಓಡಾಡು. ಈ ದಾರೀಲಿ ಯಾರೂ ಇರಾಕಿಲ್ಲ."

ನಾನು ಬಿರಬಿರನೆ ಮುಂದೆ ನಡೆದೆ. ಮನೆಗೆ ಬಂದು ಹೇಳಿದಾಗ ಅವ್ವ ಕೆಲಸ ಬಿಟ್ಟುಬಿಡು ಎಂದಳು. ಅವಳಿಗೇ ಗೊತ್ತಿತ್ತು, ಅದು ಆಗುವ ಮಾತಲ್ಲ. ಮಾರನೆಯ ದಿನ ಸೂರಿನಲ್ಲಿ ಸಿಕ್ಕಿಸಿದ್ದ ಚೂರಿಯನ್ನು ತೆಗೆದು ನನ್ನ ಊಟದ ಡಬ್ಬಿಯ ಪಕ್ಕ ಇಟ್ಟಳು. ಹಬ್ಬದಲ್ಲಿ ಅಪ್ಪ ಮೇಕೆ ಸುಲಿಯುತ್ತಿದ್ದ ಚೂರಿ ಅದು. ಗೇಣುದ್ದ, ಕೊಂಬಿನ ಹಿಡಿ.

ಅದನ್ನು ಚೀಲದಲ್ಲಿ ಇಟ್ಟುಕೊಂಡರೆ ಪ್ರಯೋಜನವಿರಲಿಲ್ಲ. ಮೈಮೇಲೆ ಬೀಳುವವನು ಮೊದಲು ಚೀಲವನ್ನೇ ಕಿತ್ತು ಎಸೆಯುತ್ತಾನೆ. ಮೈಮೇಲೇ ಇರಬೇಕು, ಯಾರಿಗೂ ಕಾಣಬಾರದು. ಬಟ್ಟೆ ಹೊಲಿಯುವವಳಾಗಿದ್ದರೂ ಒಂದು ಚೂರಿಯನ್ನು ಸೀರೆಯೊಳಗೆ ಮುಚ್ಚಿಡುವುದು ಎಷ್ಟು ಕಷ್ಟವೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮೊದಲು ಲಂಗದ ಲಾಡಿಗೆ ಸಿಕ್ಕಿಸಿಕೊಂಡೆ. ಬೇಸಿಗೆಗೆ ನಾವೆಲ್ಲ ಉಡುತ್ತಿದ್ದುದು ತೆಳು ವಾಯಿಲ್ ಸೀರೆ. ಬೆವರಿದರೆ ಅದು ಮೈಗೆ ಅಂಟಿಕೊಂಡು ಹಿಡಿಯ ಆಕಾರ ಎದ್ದು ಕಾಣುತ್ತಿತ್ತು. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಕೈ ಎತ್ತಿದರೆ ಸೆರಗು ಸರಿದು ಸೊಂಟವೆಲ್ಲ ಬಯಲು. ನೈಲಾನ್ ಸೀರೆ ಉಟ್ಟು ನೋಡಿದೆ. ಅದು ಏನನ್ನೂ ತೋರಿಸುತ್ತಿರಲಿಲ್ಲ, ಆದರೆ ಒಳಗೆ ಮೈ ಬೆಂದು ಹೋಗುತ್ತಿತ್ತು. ಚೂರಿಯ ಭಾರಕ್ಕೆ ಲಾಡಿ ಜಗ್ಗಿ ಸೊಂಟದ ಸುತ್ತ ಚರ್ಮ ಕಿತ್ತು, ಬೆವರು ಬಿದ್ದಾಗಲೆಲ್ಲ ಉರಿಯುತ್ತಿತ್ತು.

ಕೊನೆಗೆ ಖಾಕಿ ಬಟ್ಟೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಉದ್ದನೆಯ ಜೇಬು ಹೊಲಿದು, ಅದನ್ನು ಲಂಗದ ಎಡಪಕ್ಕಕ್ಕೆ ಒಳಗಿನಿಂದ ಕೂಡಿಸಿದೆ. ಮೇಲೆ ಅಪ್ಪನ ಹಳೆಯ ತುಂಬುತೋಳಿನ ಷರಟು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಷರಟು ಹಾಕುವುದು ನಮ್ಮ ಕಡೆ ಮಾಮೂಲು. ಕೋಟೆಗೆ ಹೊಲಿಗೆ ಕೆಲಸಕ್ಕೆ ಹೋಗುವವಳು ಹಾಕಿದರೆ ಜನ ಕೇಳುತ್ತಾರೆ. ಕಂಡಕ್ಟರ್ ಕೇಳಿದ, ಅಂಗಡಿಯ ಅಕ್ಕ ಕೇಳಿದರು. ಬಿಸಿಲಿಗೆ ಕಪ್ಪಾಗುತ್ತೇನೆ ಎಂದೆ. ಗಂಡು ಗೊತ್ತಾಗಿದೆ ಎಂದುಕೊಂಡು ಅವರು ನಕ್ಕರು. ಅಂಗಡಿಯಲ್ಲಿ ತಗಡಿನ ಮಾಡಿನ ಕೆಳಗೆ ಷರಟು ತೆಗೆಯದೆ ಮಧ್ಯಾಹ್ನವೆಲ್ಲ ಮಿಷನ್ ತುಳಿಯುತ್ತಿದ್ದೆ. ಒಮ್ಮೆ ತಲೆ ತಿರುಗಿ ಬಟ್ಟೆಯ ರಾಶಿಯ ಮೇಲೆ ಬಿದ್ದೆ. ಅಕ್ಕ ಗಾಳಿಯಾಡಲೆಂದು ಷರಟಿನ ಗುಂಡಿ ಬಿಚ್ಚಲು ಬಂದರು. ಎಚ್ಚರವಾದ ತಕ್ಷಣ ಅವರ ಕೈ ತಳ್ಳಿದೆ. ಅವರಿಗೆ ಬೇಜಾರಾಯಿತು, ಆಮೇಲೆ ನನ್ನ ಜತೆ ಮಾತು ಕಡಿಮೆ ಮಾಡಿದರು.

ಬಟ್ಟೆಯೊಂದಿಗೆ ನನ್ನ ನಡವಳಿಕೆಯೂ ಬದಲಾಯಿತು. ಬಗ್ಗಿ ಕೊಡ ಎತ್ತುವುದನ್ನು ಬಿಟ್ಟೆ. ಬಸ್ಸಿನಲ್ಲಿ ಜಾಗವಿದ್ದರೂ ಕೂರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತಿಗೆಯ ಮಗಳನ್ನು ದೂರ ಇಟ್ಟೆ. ತಾಯಿ ಹೋದ ಮೇಲೆ ಆ ಮಗು ಅಜ್ಜಿಯ, ಎಂದರೆ ಅಣ್ಣನ ತಾಯಿಯ ಜತೆ ಪಕ್ಕದ ಮನೆಯಲ್ಲೇ ಇತ್ತು. ನಾನು ಸಂಜೆ ಬಂದ ಕೂಡಲೇ ಅತ್ತೆ, ಅತ್ತೆ ಎಂದು ಓಡಿಬಂದು ಸೊಂಟ ಹಿಡಿಯುತ್ತಿತ್ತು. ಅಂಗಡಿಯಿಂದ ತಂದ ಬಣ್ಣದ ಬಟ್ಟೆ ಚೂರುಗಳನ್ನು ಕೊಡಬೇಕಿತ್ತು. ಈಗ ಅದು ಹತ್ತಿರ ಬಂದರೆ ಕೈ ಮುಂದೆ ಚಾಚಿ ತಡೆಯುತ್ತಿದ್ದೆ, ಚೂರುಗಳನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗುತ್ತಿದ್ದೆ. ಅದಕ್ಕೆ ಏನೂ ಅರ್ಥವಾಗದೆ ನಿಂತು ನೋಡುತ್ತಿತ್ತು.

ದಿನವೂ ಬೆವರು ಕುಡಿದು ಒಣಗಿ ಖಾಕಿ ಜೇಬಿನ ತಳದ ನೂಲು ಲಡ್ಡಾಗಿ ಸವೆಯುತ್ತಾ ಬಂತು. ಒಂದು ಸಂಜೆ ಲಂಗ ಒಗೆಯುವಾಗ ಎರಡು ಹೊಲಿಗೆ ಬಿಟ್ಟಿರುವುದನ್ನು ಕಂಡೆ. ಇನ್ನೊಂದು ಸಲ ಮಿಷನ್ ಓಡಿಸಬೇಕು ಅಂದುಕೊಂಡೆ. ಆದರೆ ಅದನ್ನು ಅಂಗಡಿಗೆ ಒಯ್ದು ಎಲ್ಲರೆದುರು ಹೊಲಿಯುವಂತಿರಲಿಲ್ಲ, ಮನೆಯಲ್ಲಿ ಮಿಷನ್ ಇರಲಿಲ್ಲ. ಸೂಜಿ ತೆಗೆದುಕೊಂಡು ಐದು ನಿಮಿಷ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ.

ಮಾರನೆಯ ಸಂಜೆ ನಾನು ಬಂದಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದೆ. ಮಗು ಹಿಂದಿನಿಂದ ಸದ್ದಿಲ್ಲದೆ ಬಂದು, ನಾನು ತಡೆಯುವ ಮೊದಲೇ, ಎರಡೂ ಕೈಯಿಂದ ನನ್ನ ಸೊಂಟ ಬಳಸಿ ಮುಖ ಒತ್ತಿತು. ಮೊದಲು ಅದು ಅಳಲೂ ಇಲ್ಲ. ಹಿಂದಕ್ಕೆ ಸರಿದು ನನ್ನನ್ನೇ ನೋಡಿತು. ಹುಬ್ಬಿನಿಂದ ಕಿವಿಯವರೆಗೆ ಸೀಳಿತ್ತು. ಆಮೇಲೆ ರಕ್ತ ಇಳಿಯಿತು.

ನಾನು ಅದನ್ನು ಎತ್ತಿಕೊಂಡು ಸೆರಗು ಒತ್ತಿ ಹಿಡಿದೆ. ತಲೆ ಎತ್ತಿದರೆ ಎದುರಿಗೆ ಅಣ್ಣ. ಅವನು ಮಗುವನ್ನು ನೋಡಿದ, ಜೇಬಿನ ತಳ ಬಿಚ್ಚಿ ನನ್ನ ಸೀರೆಯಿಂದ ಹೊರಗೆ ಬಂದಿದ್ದ ಚೂರಿಯ ಮೊನೆಯನ್ನು ನೋಡಿದ. ಮಗುವಿಗಾಗಿ ಕೈ ಚಾಚಿದ. ಅದು ನನ್ನ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಚೀರಿತು. ಅವ್ವ ಓಡಿಬಂದು, ಏನು ಎತ್ತ ಕೇಳದೆ, ನನ್ನ ಸೊಂಟಕ್ಕೆ ಕೈಹಾಕಿ ಚೂರಿಯನ್ನು ಎಳೆದುಕೊಂಡು ಒಳಗೆ ಹೋದಳು.

ಹಂಪಾಪುರದ ಆಸ್ಪತ್ರೆಗೆ ಎರಡು ಮೈಲಿ. ಅವನು ಸೈಕಲ್ ತಂದ. ಮಗು ನನ್ನನ್ನು ಬಿಡಲಿಲ್ಲ. ನಾನು ಅದನ್ನು ಅಪ್ಪಿಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತೆ, ಅವನು ತುಳಿದ. ಎರಡು ತಿಂಗಳು ಯಾವ ದಾರಿಗೆ ಹೆದರಿ ಚೂರಿ ಕಟ್ಟಿಕೊಂಡು ಓಡಾಡಿದ್ದೆನೋ ಅದೇ ದಾರಿಯಲ್ಲಿ, ಬರಿಗೈಯಲ್ಲಿ, ಅವನ ಬೆನ್ನ ಹಿಂದೆ ಕೂತಿದ್ದೆ. ಆಗ ಭಯದ ನೆನಪೂ ಬರಲಿಲ್ಲ. ಅವನು ತುಳಿಯುತ್ತಲೇ ಅಳುತ್ತಿದ್ದ. ಹೆಣ್ಣು ಮಗು, ಮುಖ ಹಾಳಾಯಿತಲ್ಲ ಎಂದು ಅದನ್ನೇ ಅನ್ನುತ್ತಿದ್ದ. ಆ ಅಳು ನಾಟಕವಲ್ಲ. ಅದನ್ನು ಇವತ್ತೂ ಹೇಳಬಲ್ಲೆ. ಮಗಳನ್ನು ಅವನು ನಿಜಕ್ಕೂ ಪ್ರೀತಿಸುತ್ತಿದ್ದ.

ಐದು ಹೊಲಿಗೆ ಬಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಹೇಗಾಯಿತು ಎಂದು ನರ್ಸಮ್ಮ ಕೇಳಿದರು. ಅವನೇ ಮುಂದೆ ಬಂದು, ಆಡುವಾಗ ತಗಡಿನ ಮೇಲೆ ಬಿದ್ದಳು ಎಂದ. ಅವರು ಬರೆದುಕೊಂಡರು.

ವಾಪಸ್ ಬರುವಾಗ ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅವನು ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಮೋರಿ ದಾಟಿದ ಮೇಲೆ ಮಾತಾಡಿದ.

"ನಾನು ಕಂಡಿದ್ದ ಹೇಳಲಿಲ್ಲ ಕಣವ್ವ."

ನಾನು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ನೀನೂ ಕಂಡಿದ್ದ ಹೇಳ್ಬೇಡ. ಮುಗೀತು. ಮಗೀಗೆ ಅಪ್ಪನಾದ್ರೂ ಉಳೀಲಿ."

ಮನೆ ಸೇರಿದ ಮೇಲೆ ಅವ್ವನಿಗೆ ಹೇಳಿದೆ. "ಒಪ್ಕೊಬುಡು" ಎಂದಳು ಅವ್ವ, ತಡಮಾಡದೆ. ಸತ್ತವಳು ಬರುವುದಿಲ್ಲ, ನೀನು ಬದುಕಬೇಕು, ಆ ಮಗುವೂ ಬದುಕಬೇಕು ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಂದಿನಿಂದ ಅವನು ಮೋರಿಯ ಮೇಲೆ ಕೂರುವುದನ್ನು ನಿಲ್ಲಿಸಿದ. ಎದುರಾದರೆ ಊಟ ಆಯ್ತಾ ಎಂದು ಕೇಳುತ್ತಿದ್ದ. ನಾನು ಆಯಿತು ಅನ್ನುತ್ತಿದ್ದೆ. ಚೂರಿ ಮತ್ತೆ ಮುಟ್ಟಲಿಲ್ಲ, ಷರಟು ಹಾಕಲಿಲ್ಲ. ಸೊಂಟದ ಗಾಯ ಮಾಯಿತು. ನನ್ನ ಬದುಕು ಹಗುರವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ವಿಚಾರಣೆ ಬಂದದ್ದು ಒಂದೂವರೆ ವರ್ಷದ ಮೇಲೆ. ಅಷ್ಟರಲ್ಲಿ ಅತ್ತಿಗೆಯ ತಾಯಿ ಬೆಟ್ಟದಪುರದ ಕಡೆಯಿಂದ ಬಂದು, ಜಗಳವಾಡಿ, ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದರು. ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ಕಂಡು ಆ ಅಜ್ಜಿ ಕೈ ಮುಗಿದರು. ನಾನು ಮುಖ ತಿರುಗಿಸಿದೆ. ಏನು ಹೇಳಬೇಕೆಂದು ಆಗಲೂ ತೀರ್ಮಾನಿಸಿರಲಿಲ್ಲ. ಕಟಕಟೆಯಲ್ಲಿ ನಿಂತಾಗ ಸರ್ಕಾರದ ವಕೀಲರು ಬೇರೇನೂ ಸುತ್ತು ಬಳಸದೆ ಹಿಂಬಾಗಿಲ ಚಿಲಕ ಒಳಗಿತ್ತಾ ಹೊರಗಿತ್ತಾ ಎಂದು ಕೇಳಿದರು. ಬಾಗಿಲ ಮೇಲಿನ ಆ ಬಡಿತ ಕಿವಿಯಲ್ಲಿ ಕೇಳಿಸಿದಂತಾಯಿತು.

"ಹೊರಗಡೆ ಹಾಕಿತ್ತು. ಅಣ್ಣ ಅದನ್ನ ಹಿಡ್ಕೊಂಡು ನಿಂತಿದ್ರು," ಎಂದೆ.

ಅಷ್ಟು ಹೊತ್ತಿನಲ್ಲೂ ಅವನನ್ನು ಅಣ್ಣ ಎಂದೇ ಅಂದೆ. ಅವನು ತಲೆ ಎತ್ತಲಿಲ್ಲ.

ಆಮೇಲೆ ಅವನ ವಕೀಲರು ಎದ್ದರು. ನೀವು ಸೊಂಟದಲ್ಲಿ ಚೂರಿ ಇಟ್ಟುಕೊಂಡು ಓಡಾಡುತ್ತಿದ್ದುದು ನಿಜವೇ, ಆ ಚೂರಿಯಿಂದ ಇವರ ಮಗಳ ಮುಖ ಸೀಳಿದ್ದು ನಿಜವೇ, ಆ ವಿಷಯ ಮುಚ್ಚಿಟ್ಟದ್ದು ನಿಜವೇ. ಮೂರಕ್ಕೂ ಹೌದು ಎಂದೆ. ಯಾಕೆ ಇಟ್ಟುಕೊಂಡಿದ್ದೆ ಎಂದು ಹೇಳಲು ಹೋದರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ದ್ವೇಷವಿದ್ದವಳ ಸಾಕ್ಷಿ ಎಂದು ಅವರು ವಾದಿಸಿದರು. ಊರಿನ ಉಳಿದವರು ಏನೂ ನೋಡಿಲ್ಲ ಎಂದು ಹೇಳಿ ಹೋಗಿದ್ದರು. ಅವನು ಬಿಡುಗಡೆಯಾದ. ಮರುವರ್ಷ ಅಂತರಸಂತೆ ಕಡೆಯಿಂದ ಇನ್ನೊಂದು ಮದುವೆಯಾದ.

ತೀರ್ಪಿನ ದಿನ ಅಜ್ಜಿ ಹೊರಗೆ ನನ್ನ ಪಕ್ಕ ಬಂದು ಕೂತರು. ಮೊಮ್ಮಗಳ ಮುಖದ ಗಾಯದ ಕಥೆ ಅವರಿಗೆ ಕೋರ್ಟಿನಲ್ಲೇ ಗೊತ್ತಾಗಿತ್ತು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. "ನೀನೊಬ್ಳೇ ಯೋಳಿದ್ದು," ಎಂದು ಎದ್ದು ಹೋದರು.

ನಮಗೆ ಊರಿನಲ್ಲಿ ಇರುವುದು ಕಷ್ಟವಾಯಿತು. ಹೊಲವನ್ನು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ, ಕೊಟ್ಟು ಅವ್ವನ ತವರು ಕೆ.ಆರ್. ನಗರಕ್ಕೆ ಬಂದೆವು. ನನ್ನ ಮದುವೆ ಅಲ್ಲೇ ಆಯಿತು, ಅವ್ವ ಅಲ್ಲೇ ತೀರಿಕೊಂಡಳು. ಈಗ ಮನೆಯ ಮುಂಭಾಗದಲ್ಲೇ ಮಿಷನ್ ಹಾಕಿಕೊಂಡಿದ್ದೇನೆ.

ತೀರ್ಪಾದ ಹತ್ತು ಹನ್ನೊಂದು ವರ್ಷದ ಮೇಲೆ ಒಂದು ಮಧ್ಯಾಹ್ನ ಅಜ್ಜಿಯ ಜತೆ ಆ ಹುಡುಗಿ ಬಂದಳು. ಪಿಯುಸಿ ಓದುತ್ತಿದ್ದಳು. ಜಡೆಯನ್ನು ಗಾಯದ ಕಡೆಗೇ ಇಳಿಬಿಟ್ಟಿದ್ದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, ಅದು ಬೇಡ, ಅವತ್ತು ನೀವು ನೋಡಿದ್ದನ್ನು ಹೇಳಿ, ಎಲ್ಲರೂ ಒಂದೊಂದು ಹೇಳುತ್ತಾರೆ ಎಂದಳು. ಹೇಳಿದೆ. ಚಿಲಕ, ಬಡಿತ, ನಾನು ಕೂಗಿದ್ದು, ಅವನು ತಿರುಗಿ ನೋಡಿದ್ದು. ಕೋರ್ಟಿನಲ್ಲಿ ಯಾರೂ ಕೇಳದೆ ಉಳಿದದ್ದನ್ನೂ ಹೇಳಿದೆ. ಬಾಗಿಲು ತೆಗೆದ ಮೇಲೆ ಅತ್ತಿಗೆ ನನ್ನನ್ನು ಗುರುತು ಹಿಡಿದು, ಮಗು ಎಲ್ಲಿ ಎಂದು ಕೇಳಿದ್ದಳು. ಮಗು ಆಗ ನಮ್ಮ ಮನೆಯಲ್ಲಿ, ನನ್ನ ಹಾಸಿಗೆಯ ಮೇಲೆ ಮಲಗಿತ್ತು. ಹಾಗೆಂದು ಅತ್ತಿಗೆಗೆ ಹೇಳಿದ್ದೆ.

"ಕೇಳಿಸ್ತಾ ಅಮ್ಮಂಗೆ?" ಎಂದಳು ಹುಡುಗಿ.

"ಗೊತ್ತಿಲ್ಲ ಕಣವ್ವ," ಎಂದೆ. ಅದು ನಿಜ.

ಅವಳು ನೀರು ಕೇಳಿ ಕುಡಿದಳು. ನಾಲ್ಕು ಗಂಟೆಯ ಬಸ್ಸಿಗೆ ಇಬ್ಬರೂ ಹೊರಟರು. ಸ್ಟ್ಯಾಂಡಿನವರೆಗೆ ಜತೆಗೆ ಹೋದೆ. ಬಸ್ಸು ಹತ್ತುವಾಗ ಹುಡುಗಿ ಬರುತ್ತೇನೆ ಅತ್ತೆ ಎಂದಳು. ಇನ್ನೂ ಬಂದಿಲ್ಲ.