ದಡಕ್ಕೆ ಬಾರದ ತೆಪ್ಪ

ನಮ್ಮ ಮಾವನ ಮನೆಯಲ್ಲಿ ಆ ವಿಡಿಯೋ ಗೇಮಿಗೆ ಇದ್ದ ಹೆಸರು ಬೋಗಸ್ ಗೇಮ್. ಬೀದರಿನ ಆ ಗಲ್ಲಿಯ ಮಕ್ಕಳೆಲ್ಲ ಒಂದೊಂದು ಸಲ ಆಡಿ ಮೂಗು ಮುರಿದು ಹೋಗಿದ್ದರು. ನೀಲಿ ಅಂಗಿಯ ಮನುಷ್ಯನೊಬ್ಬ ಕಲ್ಲಿನಿಂದ ಕಲ್ಲಿಗೆ ಹಾರುತ್ತ ನದಿಯ ದಡಕ್ಕೆ ಬರುತ್ತಾನೆ. ಆಚೆ ದಡದಲ್ಲಿ ಒಂದು ತೆಪ್ಪ ನಿಂತಿದೆ. ಎಷ್ಟು ಕಾದರೂ ಅದು ಬರುವುದಿಲ್ಲ, ತಾಳ್ಮೆಗೆಟ್ಟು ಹಾರಿದರೆ ಈತ ಮುಳುಗುತ್ತಾನೆ. ಅಷ್ಟೇ ಆಟ.

"ಭಾವ, ನಿಮಗ ಚಲೋತ್ನಾಗೇ ಟೋಪಿ ಹಾಕ್ಯಾರ ನೋಡ್ರಿ. ಕುಡ್ಯಾಕ ನೀರಿಲ್ಲ, ನೀವು ನೀರಾಗ ಸಾಯೋ ಆಟ ತಂದೀರಿ" ಎಂದು ಮಾವ ಅಪ್ಪನನ್ನು ಛೇಡಿಸಿದ್ದರು. ಅಪ್ಪ ಸುಮ್ಮನೆ ನಕ್ಕಿದ್ದ.

ಆ ವರ್ಷ ಔರಾದ ಕಡೆ ಬರ. ನಮ್ಮೂರು ಚಿಂತಾಕಿಯಲ್ಲಿ ಬಾವಿಯ ತಳ ಕಂಡ ಮೇಲೆ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದರು. ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮನೆಯ ಮೇಲೆ ಹೇರಬಾರದೆಂದು ನನ್ನನ್ನು ಬೀದರಿಗೆ ಅಮ್ಮನ ತಮ್ಮನ ಮನೆಗೂ, ತಂಗಿಯನ್ನು ಭಾಲ್ಕಿಗೆ ಅಪ್ಪನ ಅಕ್ಕನ ಮನೆಗೂ ಬಿಟ್ಟರು. ಭಾಲ್ಕಿಯ ಆ ಅತ್ತೆ ಆಸ್ಪತ್ರೆಯಲ್ಲಿ ನರ್ಸ್. ತಂಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಲಂಗ ಹಿಡಿದು ಅತ್ತ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಕ್ರಿಸ್‌ಮಸ್ಸಿಗೆ ಅಪ್ಪ ಬಂದಾಗ ಕೈಯಲ್ಲಿ ಈ ಹಳೆಯ ವಿಡಿಯೋ ಗೇಮ್ ಇತ್ತು. ಗೇಮ್ ಒಂದು, ಮಕ್ಕಳು ಇಬ್ಬರು, ಊರು ಎರಡು. ಅಪ್ಪ ಮಾಡಿದ ನ್ಯಾಯ ಕೇಳಿ: ಮಾವನ ಮನೆಯಲ್ಲಿ ಟಿವಿ ಇದೆಯೆಂದು ಡಬ್ಬಿ, ಕ್ಯಾಸೆಟ್, ಒಂದು ರಿಮೋಟ್ ನನಗೆ. ವೈರಿನಿಂದ ಡಬ್ಬಿಗೆ ಸಿಕ್ಕಿಸುವ ಇನ್ನೊಂದು ರಿಮೋಟನ್ನು ಬಿಚ್ಚಿ, ಟಿವಿಯೇ ಇಲ್ಲದ ಭಾಲ್ಕಿಯ ಮನೆಯಲ್ಲಿದ್ದ ತಂಗಿಗೆ! ಮೇಲೆ ಒಂದು ಮಾತು ಬೇರೆ: "ನೀ ಭಾಲ್ಕಿಯಾಗ ಕುಂತು ಗುಂಡಿ ಒತ್ತು. ಅಲ್ಲಿ ಬೀದರದಾಗ ಅಕ್ಕನ ಟಿವಿಯಾಗ ಆಡ್ತದ."

ಅವಳು ಸಣ್ಣವಳು, ನಂಬಿದಳು. ಸಂಜೆಯಾದರೆ ವೈರಿನ ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಬೀದರಿನ ದಿಕ್ಕಿಗೆ ಮುಖ ಮಾಡಿ ಗುಂಡಿ ಒತ್ತುತ್ತ ಕೂರುತ್ತಿದ್ದಳಂತೆ. ಅತ್ತೆ ಇದನ್ನು ನಗುತ್ತ ಹೇಳುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಸಾಲೆಯ ಹುಡುಗಿಯರು ನಕ್ಕು ನಿಜ ತಿಳಿಸಿದ ದಿನ ಅವಳು ಊಟ ಬಿಟ್ಟಳು.

ಮಳೆ ಬಂದು ನಾವೆಲ್ಲ ಮತ್ತೆ ಚಿಂತಾಕಿಯಲ್ಲಿ ಕೂಡುವ ಹೊತ್ತಿಗೆ ಗೇಮಿನ ಅಡಾಪ್ಟರ್ ಸುಟ್ಟು, ಡಬ್ಬಿ ಮಾವನ ಟ್ರಂಕು ಸೇರಿತ್ತು. ಬೋಗಸ್ ಆಟವನ್ನು ರಿಪೇರಿ ಮಾಡಿಸುವವರು ಯಾರು? ತಂಗಿಯ ಸಿಟ್ಟು ಮಾತ್ರ ಟ್ರಂಕು ಸೇರಲಿಲ್ಲ. ದೊಡ್ಡವಳಾಗಿ, ತಾನೂ ನರ್ಸಾಗಿ, ಮಕ್ಕಳ ತಾಯಿಯಾದ ಮೇಲೂ ಹಬ್ಬದಲ್ಲಿ ಎಲ್ಲರೂ ಕೂಡಿದಾಗ "ಅಕ್ಕಗ ಆಟ, ನನಗ ವೈರು. ಅದರ ಮ್ಯಾಲ ಸುಳ್ಳು ಬ್ಯಾರೆ" ಎನ್ನುತ್ತಿದ್ದಳು. ತಮಾಷೆಯೇ, ಆದರೆ ಮುಳ್ಳಿತ್ತು. ಅಪ್ಪ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ.

ಹೋದ ಕ್ರಿಸ್‌ಮಸ್ಸಿಗೆ ಎಲ್ಲರೂ ಬೀದರಿನಲ್ಲಿ ನಾನೀಗ ಇರುವ ಮನೆಯಲ್ಲಿದ್ದೆವು. ಮಾವನ ಟ್ರಂಕು ನನ್ನ ಪಾಲಿಗೆ ಬಂದಿತ್ತು. ಬಜಾರಿನಲ್ಲಿ ಅಡಾಪ್ಟರ್ ಹುಡುಕಿ ತಂದು, ಹಳೆಯ ಟಿವಿಗೆ ಜೋಡಿಸಿದೆ. ತಂಗಿಗೆ ರಿಮೋಟ್ ತರಲು ಹೇಳಿದ್ದೆ. ಎಸೆದಿರಲಿಲ್ಲ ಅವಳು, ಸಿಟ್ಟಿಗೆ ಒಂದು ಪುರಾವೆ ಬೇಕಲ್ಲ!

ನಿಜ ಹೇಳಬೇಕೆಂದರೆ, ಆಟ ಈಗಲೂ ಚೆನ್ನಾಗಿಲ್ಲ. ಗುಂಡಿ ಒತ್ತಿ ಉಸಿರು ಬಿಟ್ಟ ಮೇಲೆ ಆ ನೀಲಿ ಅಂಗಿಯವ ಹಾರುತ್ತಾನೆ. ಸಂಗೀತ ಕೇಳಿದರೆ ಕೆಟ್ಟ ಪಂಪ್‌ಸೆಟ್ಟಿನ ನೆನಪಾಗುತ್ತದೆ. ಹೇಗೋ ಏಗಿ ಅವನನ್ನು ದಡಕ್ಕೆ ತಂದು ನಿಲ್ಲಿಸಿದೆ. ತೆಪ್ಪ ಆಚೆಯೇ ಇತ್ತು.

"ನೋಡಪ್ಪ, ಇದು ಈಗೂ ಕೆಲಸಕ್ಕ ಬರಲ್ಲ" ಎಂದು ತೋರಿಸಲು ತಂಗಿ ತನ್ನ ರಿಮೋಟ್ ಸಿಕ್ಕಿಸಿ ಗುಂಡಿ ಒತ್ತಿದಳು.

ತೆಪ್ಪ ಅಲುಗಿತು.

ಅವಳು ಕೈ ತೆಗೆದಳು, ಅದು ನಿಂತಿತು. ಮತ್ತೆ ಒತ್ತಿದಳು, ಹೊರಟಿತು. ನದಿ ದಾಟಿ, ನನ್ನ ನೀಲಿ ಅಂಗಿಯವನ ಕಾಲಬುಡಕ್ಕೇ ಬಂದು ನಿಂತಿತು. ನಾನು ಹತ್ತಿಸಿದೆ, ಅವಳು ದಾಟಿಸಿದಳು. ಆಚೆಗೆ ಗುಡ್ಡ, ಮನೆ, ಹಣ್ಣಿನ ಮರ, ಹಾರಬೇಕಾದ ಇನ್ನಷ್ಟು ಕಲ್ಲುಗಳು. ಇಡೀ ಆಟ ಅಲ್ಲಿಂದ ಶುರುವಾಗುತ್ತಿತ್ತು. ನಾವು ನೋಡಿಯೇ ಇರದ ಆಟ!

ಹಿಂದೆ ಕುರ್ಚಿಯಲ್ಲಿದ್ದ ಅಪ್ಪ ಮೆಲ್ಲಗೆ ಹೇಳಿದ: "ದುಕಾನ್‌ದಾಗ ನಾ ಕೇಳಿದ್ದೇ ಅದು. ಇಬ್ಬರು ಹುಡುಗ್ಯಾರು ಕೂಡಿ ಆಡೋದು ಕೊಡು ಅಂದಿದ್ದೆ."

"ಮತ್ತ ಹರದು ಯಾಕ ಹಂಚಿದಿ?" ತಂಗಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ನಾ ನಿನ್ನ ನೋಡಾಕ ಬರೇ ಕೈಲೇ ಭಾಲ್ಕಿಗಿ ಬರಬಾರದಲ್ಲವ್ವ. ಮುಂದಿನ ಹಬ್ಬಕ್ಕ ಹ್ಯಾಂಗೂ ಕೂಡ್ತೀರಿ, ಆಗ ಆಡ್ತೀರಿ ಅಂದ್ಕೊಂಡಿದ್ದೆ."

ನನಗೆ ಅಳು ಬಂತು. ತಂಗಿ ತೆಪ್ಪವನ್ನು ಆ ದಡದಿಂದ ಈ ದಡಕ್ಕೆ ಸುಮ್ಮನೆ ಓಡಾಡಿಸಿದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಅಪ್ಪನ ಕಡೆ ತಿರುಗಿದಳು.

"ನೀ ಸುಳ್ಳು ಹೇಳಿದ್ದಿಲ್ಲ ಬಿಡಪ್ಪ. ವೈರ್ ಅಷ್ಟೇ ಗಿಡ್ಡ ಬಿದ್ದಿತ್ತು."