ಸಿಸ್ಟರ್ ಹಿಡಿದ ಪೈಪು

ಗುಳುಕ್, ಗುಳುಕ್, ಟಣ್! ನಾನು ಚಿಕ್ಕವಳಿದ್ದಾಗ ಮಧುಗಿರಿಯಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದುದು ಕೋಳಿಯಲ್ಲ, ಈ ಸದ್ದು. ಕಾನ್ವೆಂಟ್ ಹಾಸ್ಟೆಲಿನ ಸ್ನಾನದ ನೀರು, ಮುಸುರೆ ನೀರು ಎಲ್ಲ ಹಿತ್ತಿಲ ಗುಂಡಿಗೆ ಇಳಿಯುತ್ತಿತ್ತು. ಅದನ್ನೆತ್ತಿ ದಿಣ್ಣೆಯ ತೆಂಗಿನ ತೋಟಕ್ಕೆ ತಳ್ಳುವುದು ಒಂದು ಮುದಿ ಪಂಪಿನ ಕೆಲಸ; ಆ ಪಂಪನ್ನು ಓಡಿಸುವುದು ಅಪ್ಪನ ಕೆಲಸ. ಅದರಿಂದಲೇ ನನಗೆ ಕಾನ್ವೆಂಟಿನಲ್ಲಿ ಫ್ರೀ ಸೀಟು.

ಒಂದು ಶನಿವಾರ ಹೊಸ ಪಂಪು ಬಂತು. ಹಾಗೆಂದು ಹಳೆಯದನ್ನು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಗುಂಡಿ ತುಂಬಿ ನೀರು ನೇರ ಊಟದ ಹಾಲ್‌ಗೆ ನುಗ್ಗುತ್ತಿತ್ತು. ಅಪ್ಪ ಹಳೆಯದರ ಬಾಯಿಗೆ ಸಣ್ಣ ರಬ್ಬರ್ ಪೈಪು ಸಿಕ್ಕಿಸಿ, ನೀರನ್ನು ಬಾಳೆಗಿಡಗಳ ಕಡೆ ಬಿಟ್ಟು, ದೊಡ್ಡ ಪೈಪನ್ನು ಹೊಸ ಪಂಪಿಗೆ ಜೋಡಿಸತೊಡಗಿದ. ಒಂದು ಗಂಟೆ ಯಾರೂ ನೀರು ಚೆಲ್ಲಬಾರದೆಂದು ಹೆಡ್ ಸಿಸ್ಟರ್ ಆರ್ಡರ್ ಮಾಡಿದರು. "ಹಾಲ್‌ಗೆ ಒಂದು ಡ್ರಾಪ್ ಬಂದರೂ ನೀನೂ ಔಟ್, ನಿನ್ನ ಮಗಳೂ ಔಟ್," ಎಂದು ಅಪ್ಪನಿಗೆ ವಾರ್ನಿಂಗ್ ಬೇರೆ.

ಆಗಲೇ ಶಾಲೆ ಮುಗಿಸಿದ್ದ ನನ್ನ ಅಕ್ಕ ಫುಟ್‌ರೂಲರ್ ಹಿಡಿದು ನಲ್ಲಿಗಳನ್ನು ಕಾದಳು. ಹುಡುಗಿಯರು ಸೋಪು ಹಚ್ಚಿದ ಮುಖದಲ್ಲೇ ಸಾಲಾಗಿ ನಿಂತರು. ನಾನು ಗುಂಡಿಯ ಅಂಚಿನಲ್ಲಿ ಕೂತೆ. ನೀರಿನಲ್ಲಿ ನೆಟ್ಟ ಬಿದಿರುಕೋಲಿಗೆ ನನ್ನ ಕೆಂಪು ರಿಬ್ಬನ್ ಕಟ್ಟಿತ್ತು. ನೀರು ಅದನ್ನು ಮುಟ್ಟಿದರೆ ನಾನು ಕೂಗಬೇಕು.

ಅರ್ಧ ಗಂಟೆಯಲ್ಲಿ ರಿಬ್ಬನ್ ಮುಳುಗಿಯೇ ಹೋಯಿತು. ನಾನು ಕಿರುಚಿದೆ. ಅಕ್ಕ ಅಡುಗೆಮನೆಗೆ ಓಡಿದಳು. ಅಲ್ಲಿ ಅಡುಗೆಯ ಅಜ್ಜಿ ಸೀರೆ ಎತ್ತಿಕಟ್ಟಿ, ಕೊಡಗಟ್ಟಲೆ ನೀರು ಸುರಿದು ನೆಲ ಉಜ್ಜುತ್ತಿದ್ದಳು.

"ನೀರು ಚೆಲ್ಲಬ್ಯಾಡ ಅಂದಿರ್ಲಿಲ್ವಾ ಅಜ್ಜಿ?"

"ಹೊಸ ಮಿಸನ್ನು ಬಂದೈತೆ ಕಣಮ್ಮಿ, ನೆಲ ತೊಳೀದೆ ಪೂಜೆ ಹೆಂಗೆ ಮಾಡಾದು? ಸಿಸ್ಟರು ಹೇಳಿದ್ದು ನಮ್ ಕೆಲ್ಸಕ್ಕೆ, ದೇವ್ರು ಕೆಲ್ಸಕ್ಕಲ್ಲ!"

ಇತ್ತ ಅಪ್ಪ ನೀರು ಬೇಗ ಇಳಿಯಲೆಂದು ಹಳೆಯ ಪಂಪಿನ ವಾಲ್ವನ್ನು ಪೂರ್ತಿ ತೆರೆದ. ಬಿರುಸಿಗೆ ರಬ್ಬರ್ ಪೈಪು ಕಿತ್ತುಕೊಂಡು ಹಾವಿನಂತೆ ಎದ್ದಿತು. ಬೈಯಲೆಂದು ಬಂದ ಸಿಸ್ಟರ್ ಅದನ್ನು ಹಿಡಿದು, ಎರಡೂ ಕೈಯಿಂದ ಪಂಪಿನ ಬಾಯಿಗೆ ಅದುಮಿ ನಿಂತರು. ಬಿಳಿಯ ನಿಲುವಂಗಿ ಕುತ್ತಿಗೆತನಕ ಟೀ ಬಣ್ಣಕ್ಕೆ ತಿರುಗಿತು.

"ಕೈ ಬುಡ್ಬ್ಯಾಡಿ ಸಿಸ್ಟರ್!" ಅವರ ಮುಂದೆ ತಲೆಯೆತ್ತದ ಅಪ್ಪ ಗದರಿಬಿಟ್ಟ.

"ಬಿಡಲ್ಲ! ಹರಿ ಅಪ್, ಮ್ಯಾನ್!"

ಕೊನೆಯ ನಟ್ಟು ಬಿಗಿಯಾಯಿತು. ಹೊಸ ಪಂಪು ಗುಂಯ್ಯೆಂದಿತು. ಗುಂಡಿಯಿಂದ ಉಕ್ಕಿ ಹರಿದಿದ್ದ ನೀರು ಊಟದ ಹಾಲ್‌ನ ಹೊಸ್ತಿಲಿಗೆ ಒಂದು ಗೇಣು ಇರುವಾಗ ಹಿಂದೆ ಸರಿಯಿತು. ಅಜ್ಜಿ ನಿಧಾನವಾಗಿ ಬಂದು ಪಂಪಿಗೆ ಕುಂಕುಮವಿಟ್ಟಳು, ಆಮೇಲೆ ಸಿಸ್ಟರ್ ಹಣೆಗೂ. ಪೈಪನ್ನು ಇನ್ನೂ ಅದುಮಿ ಹಿಡಿದಿದ್ದರಿಂದ ಬೇಡವೆನ್ನಲು ಅವರ ಕೈ ಖಾಲಿಯಿರಲಿಲ್ಲ.

ಮಕ್ಕಳೇ, ನಿಮ್ಮ ಅಪಾರ್ಟ್‌ಮೆಂಟಿನ ಪಂಪು ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಅದು ಎಲ್ಲಿದೆಯೆಂದೂ ನಿಮಗೆ ಗೊತ್ತಿಲ್ಲ. ನಮ್ಮದರ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಅದೇ ಫ್ರೀ ಸೀಟಿನಲ್ಲಿ ನಾನು ಹತ್ತನೇ ಕ್ಲಾಸ್ ಮುಗಿಸಿದ ವರ್ಷ ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆಯಿತು. ಅಪ್ಪನೂ ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಕೊರಟಗೆರೆ ಬಸ್ಸು ಹೊರಟಾಗ ಅವರು ಟಾಟಾ ಮಾಡಲಿಲ್ಲ. ಕಿಟಕಿಯಲ್ಲಿ ಎರಡೂ ಮುಷ್ಟಿಗಳನ್ನು ಒಂದರ ಮೇಲೊಂದಿಟ್ಟು, ಬಿಡುವುದೇ ಇಲ್ಲವೆಂಬಂತೆ ಬಿಗಿಯಾಗಿ ಹಿಡಿದು ತೋರಿಸಿದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೇ ಹಿಡಿದಿದ್ದರು.